ಕಡ ಕೊಟ್ಟ ಹುಡುಗಿ

ಸರಕಾರಿ ಶಾಲೆಗೆ ಹಾಕುವ ಹಣ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಎಂಬ ಮಾತನ್ನು ನನ್ನ ಉದ್ಯೋಗದ ಕಾಲದಲ್ಲಿ ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು. ಪುರಸಭೆಯ ಸದಸ್ಯರು ಹೇಳುತ್ತಿದ್ದರು, ವಕೀಲರು ಹೇಳುತ್ತಿದ್ದರು, ಹಂಚಿನ ಕಾರ್ಖಾನೆಯ ಯಜಮಾನರೂ ಹೇಳುತ್ತಿದ್ದರು. ತಮ್ಮ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿ ಒಳ್ಳೆಯ ಶಾಲೆಗೆ ಕಳಿಸಿ ಬಂದು, ಉಳಿದವರ ಮಕ್ಕಳಿಗೆ ಮಾಡಿದ ಖರ್ಚಿನ ಫಲ ಎಲ್ಲಿ ಎಂದು ಮೇಜು ಕುಟ್ಟುತ್ತಿದ್ದರು. ಕೇಳುವುದು ತಪ್ಪಲ್ಲ. ಊರಿನ ಹಣ, ಕೇಳಲೇಬೇಕು. ಆದರೆ ಫಲ ನೋಡುವುದಕ್ಕೆ ಅವರು ಹಿಡಿದ ದಾರಿ ಇತ್ತಲ್ಲ, ಅದನ್ನು ನೆನೆದರೆ ಈ ಪ್ರಾಯದಲ್ಲಿಯೂ ನನಗೆ ಮೈ ಉರಿಯುತ್ತದೆ. ವರ್ಷಕ್ಕೊಂದು ದಿನ ಒಬ್ಬ ಇನ್‌ಸ್ಪೆಕ್ಟರ್ ಬರುವುದು, ತಲೆ ಎಣಿಸುವುದು, ಹೋಗುವುದು. ತಲೆ ಇದ್ದರೆ ಶಾಲೆ ಉಂಟು, ಇಲ್ಲದಿದ್ದರೆ ಬೀಗ. ಆ ತಲೆಯೊಳಗೆ ಏನಿದೆ ಎಂದು ನೋಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಒಬ್ಬರು ನೋಡಿದರು. ಆಗ ಏನಾಯಿತು ಎಂಬುದನ್ನೇ ನಾನು ಬರೆಯಲು ಹೊರಟಿರುವುದು. ಇಷ್ಟು ವರ್ಷ ಬರೆಯದೆ ಇದ್ದದ್ದಕ್ಕೆ ಕಾರಣ ನಾಚಿಕೆ, ಬೇರೆ ಏನೂ ಅಲ್ಲ.

ಮೂವತ್ತರ ದಶಕ ಆಗಷ್ಟೇ ಸುರುವಾಗಿತ್ತು. ಟ್ರೈನಿಂಗ್ ಮುಗಿಸಿದ ಮರುವರ್ಷವೇ ನನಗೆ ಬಂದರಿನ ಬಳಿಯ ಪುರಸಭೆಯ ಎಲಿಮೆಂಟರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅತ್ತಾವರದ ನಮ್ಮ ಮನೆಯಿಂದ ದಿನವೂ ನಡೆದು ಹೋಗುತ್ತಿದ್ದೆ. ನಮ್ಮೂರಿನ ಹಂಚು ಹಡಗು ಹತ್ತಿ ಎಲ್ಲೆಲ್ಲಿಗೋ ಹೋಗುತ್ತಿದ್ದ ಕಾಲವದು. ಆ ಹಡಗು ಹತ್ತಿಸುವ ಧಕ್ಕೆಯಿಂದ ಕೂಗಳತೆಯ ದೂರದಲ್ಲಿದ್ದ ನಮ್ಮ ಶಾಲೆಗೆ ಮಾತ್ರ ಹೆಣೆದ ತೆಂಗಿನ ಮಡಲಿನ ಮಾಡು! ಮಳೆಗಾಲದಲ್ಲಿ ಮೂರನೆಯ ಕ್ಲಾಸಿನ ಮಕ್ಕಳು ನಾಲ್ಕನೆಯ ಕ್ಲಾಸಿನವರ ಮಡಿಲಲ್ಲಿ ಕೂರಬೇಕಾಗಿತ್ತು. ಹಣ ಇರಲಿಲ್ಲ ಎನ್ನುವ ಹಾಗಿಲ್ಲ. ನಾನು ಸೇರಿದ ವರ್ಷವೇ ಮದ್ರಾಸಿನಿಂದ ಭೂಗೋಳದ ಒಂದು ಗುಂಡು ಬಂತು, ಹಿತ್ತಾಳೆಯ ಕಾಲಿನದ್ದು, ಮರದ ಪೆಟ್ಟಿಗೆ ಸಮೇತ. ಒಡೆದರೆ ಸಂಬಳದಲ್ಲಿ ಹಿಡಿಯುತ್ತಾರೆಂದು ನಮ್ಮ ಹೆಡ್‌ ಮಾಷ್ಟ್ರು ಅದಕ್ಕೆ ಬೀಗ ಹಾಕಿಟ್ಟರು. ಪಾಠ ಮಾಡುವಾಗ ಪೆಟ್ಟಿಗೆಯನ್ನು ಕೋಲಿನಿಂದ ತಟ್ಟಿ, "ಇದರ ಒಳಗೆ ಭೂಮಿ ಉಂಟು ಮಕ್ಕಳೇ" ಎನ್ನುತ್ತಿದ್ದರು. ನಾನು ನಕ್ಕದ್ದಕ್ಕೆ ಅವರಿಗೆ ಬೇಸರವಾಗಿತ್ತು.

ಹೆಡ್‌ ಮಾಷ್ಟ್ರು ಕೆಟ್ಟವರಲ್ಲ. ಪೆನ್ಷನ್ನಿಗೆ ಹತ್ತಿರವಾದ, ನಶ್ಯ ಹಾಕುವ, ಮಕ್ಕಳಿಗೆ ಎಂದೂ ಹೊಡೆಯದ ಸಾಧು ಮನುಷ್ಯ. ಆದರೆ ಇನ್‌ಸ್ಪೆಕ್ಷನ್ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಹಾಜರಿಪುಸ್ತಕ ತೆಗೆದು ಮತ್ತೆ ಮತ್ತೆ ತಲೆ ಎಣಿಸುತ್ತಿದ್ದರು. ಎಣಿಸದೆ ಏನು ಮಾಡುತ್ತಾರೆ? ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಮೊಗವೀರರ ಮಕ್ಕಳು. ಮಳೆ ನಿಂತು ಚೌತಿ ಕಳೆದರೆ ಬಂಗುಡೆ ಮೀನಿನ ಕಾಲ. ಹೊಳೆಯ ಆಚೆ ಕಡಲ ಬದಿಯಲ್ಲಿ ಮೀನಿನ ಹಿಂಡು ಕಂಡಿತೆಂದು ಕೂಗು ಬಿದ್ದರೆ ರಂಪಣಿ ಬಲೆ ಇಳಿಯುತ್ತಿತ್ತು. ರಂಪಣಿ ಎಂದರೆ ಒಂದಿಬ್ಬರ ಬಲೆಯಲ್ಲ, ಕೇರಿಗೆ ಕೇರಿಯೇ ದಡದಲ್ಲಿ ನಿಂತು ಹಗ್ಗ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಅಂಥ ದಿನ ಯಾವ ಮಗು ಶಾಲೆಯಲ್ಲಿ ಕೂರುತ್ತದೆ? ಸ್ಲೇಟನ್ನು ಅಲ್ಲಿಯೇ ಬಿಟ್ಟು ದೋಣಿಗೆ ಓಡುತ್ತಿದ್ದವು. ಇಲಾಖೆಯವರಿಗೂ ಇನ್‌ಸ್ಪೆಕ್ಷನ್ನಿಗೆ ಅದೇ ತಿಂಗಳುಗಳೇ ಬೇಕು, ಏಕೆಂದರೆ ಮಳೆ ನಿಂತು ಇನ್‌ಸ್ಪೆಕ್ಟರರ ಗಾಡಿಗೆ ರಸ್ತೆ ಒಣಗುವುದು ಆಗಲೇ. ಜನವರಿಯಲ್ಲಿ ಬನ್ನಿ ಎಂದು ಹೆಡ್‌ ಮಾಷ್ಟ್ರು ಮೂರು ವರ್ಷ ಅರ್ಜಿ ಬರೆದರು. ಒಂದಕ್ಕೂ ಉತ್ತರ ಬರಲಿಲ್ಲ.

ಆದ್ದರಿಂದ ನಾವು ಮಕ್ಕಳನ್ನು ಕಡ ತರುತ್ತಿದ್ದೆವು. ನೆರೆಮನೆಯಿಂದ ಒಂದು ಸೇರು ಅಕ್ಕಿ ಕಡ ತರುವುದಿಲ್ಲವೇ, ಹಾಗೆಯೇ. ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಒಬ್ಬ ಮೆನೇಜರ್ ಸರಕಾರದ ಗ್ರಾಂಟು ಪಡೆದು ನಡೆಸುತ್ತಿದ್ದ ಖಾಸಗಿ ಶಾಲೆ ಇತ್ತು. ಅವರ ಕಷ್ಟವೂ ನಮ್ಮದೇ. ನಮ್ಮ ಇನ್‌ಸ್ಪೆಕ್ಷನ್ನಿನ ದಿನ ಅವರು ಐದಾರು ಮಕ್ಕಳನ್ನು ಕಳಿಸುವುದು, ಅವರದ್ದಿದ್ದಾಗ ನಾವು ಕಳಿಸುವುದು. ಹೋದ ಮಗುವಿಗೆ ಅಲ್ಲಿನ ಹಾಜರಿಪುಸ್ತಕದಲ್ಲಿರುವ, ಅಂದು ಬಾರದ ಒಂದು ಮಗುವಿನ ಹೆಸರು. ಆ ಹೆಸರು ಕರೆದಾಗ "ಹಾಜರ್" ಎನ್ನಬೇಕು. ಹಿಂದಿನ ದಿನ ಮಕ್ಕಳನ್ನು ಕೂರಿಸಿ ಆ ಹೆಸರುಗಳನ್ನು ಬಾಯಿಪಾಠ ಮಾಡಿಸುವ ಕೆಲಸ ನನ್ನದು. ಮೊದಲ ವರ್ಷ ನನಗೆ ಅಸಹ್ಯವಾಯಿತು. ಪಾಪನಿವೇದನೆಯಲ್ಲಿ ಪಾದ್ರಿಗಳಿಗೂ ಹೇಳಿದೆ. ಎರಡನೆಯ ವರ್ಷ ಹೇಳಲಿಲ್ಲ. ಮೂರನೆಯ ವರ್ಷಕ್ಕೆ ಅದರಲ್ಲಿ ಗಟ್ಟಿಗಿತ್ತಿಯಾದೆ.

ಆ ಮೂರನೆಯ ವರ್ಷ ಐದನೆಯ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಹನ್ನೊಂದೋ ಹನ್ನೆರಡೋ ಪ್ರಾಯ. ಅಪ್ಪ ರಂಪಣಿಯಲ್ಲಿ, ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ. ಬೆಳಿಗ್ಗೆ ಅಮ್ಮನ ಜೊತೆ ಕಂಕನಾಡಿಯವರೆಗೆ ಹೋಗಿ, ಬುಟ್ಟಿ ಖಾಲಿಯಾದ ಮೇಲೆ ಕೈಗೆ ಹುಣಸೆಹುಳಿ ತಿಕ್ಕಿಕೊಂಡು ಓಡಿಬರುತ್ತಿದ್ದಳು. ನನ್ನ ಇಡೀ ಉದ್ಯೋಗದಲ್ಲಿ ಅಂಥ ಬುದ್ಧಿಯ ಮಗುವನ್ನು ನಾನು ಕಂಡಿಲ್ಲ, ಇದು ಉತ್ಪ್ರೇಕ್ಷೆಯಲ್ಲ. ಒಮ್ಮೆ ಓದಿದ್ದನ್ನು ಹಾಗೆಯೇ ಒಪ್ಪಿಸುವ ಮಕ್ಕಳು ಬೇಕಾದಷ್ಟು ಉಂಟು. ಇವಳು ಓದಿದ್ದನ್ನು ತಿರುಗಿಸಿ ನನಗೇ ಪ್ರಶ್ನೆ ಹಾಕುತ್ತಿದ್ದಳು. "ಭೂಮಿ ತಿರುಗ್ತದೆ ಅಂತಾದ್ರೆ ಕಡಲಿನ ನೀರು ಯಾಕೆ ಚೆಲ್ಲುದಿಲ್ಲ ಟೀಚರ್? ಬುಟ್ಟಿ ತಿರುಗಿಸಿದ್ರೆ ಮೀನು ಚೆಲ್ತದಲ್ಲ?" ಯಾರನ್ನೋ ಕೇಳಿ ತಿಳಿದು ಮರುದಿನ ಹೇಳಿದೆ.

ಕಡಲ ಬದಿಯ ವಾರ್ಡುಗಳ ಒಬ್ಬ ಹುಡುಗಿಗೆ ವರ್ಷಕ್ಕೊಂದು ಸ್ಟೈಪೆಂಡ್ ಕೊಡುವ ಏರ್ಪಾಡು ಆಗ ಬಂದಿತ್ತು. ಬೇರೆ ಊರಿನ ಬೋರ್ಡಿಂಗಿನಲ್ಲಿ ಇಟ್ಟು ಎಂಟನೆಯವರೆಗೆ ಓದಿಸಿ, ಮತ್ತೆ ಟ್ರೈನಿಂಗ್ ಕೊಟ್ಟು, ಟೀಚರ್ ಮಾಡಿ ಅದೇ ಕೇರಿಗೆ ಕಳಿಸುವುದು. ಯಾರೋ ಪುಣ್ಯಾತ್ಮರು ಯೋಚಿಸಿ ಮಾಡಿದ ಒಳ್ಳೆಯ ಖರ್ಚು. ಯಾರಿಗೆ ಕೊಡಬೇಕೆಂದು ಇನ್‌ಸ್ಪೆಕ್ಟರರು ತಮ್ಮ ಭೇಟಿಯಲ್ಲಿ ನೋಡಿ ಆರಿಸುತ್ತಿದ್ದರು. ಇದು ಇವಳಿಗೇ ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವಳ ಅಮ್ಮನ ಹತ್ತಿರ ಮಾತಾಡಲು ಕೇರಿಗೆ ಹೋದೆ.

"ಓದಿ ಎಂತ ಮಾಡ್ಲಿಕ್ಕುಂಟು ಬಾಯಮ್ಮ?" ಎಂದಳು ಆ ಹೆಂಗಸು, ಬುಟ್ಟಿ ತೊಳೆಯುತ್ತಾ. "ಕಾಗದ ತಿಂದ್ರೆ ಹೊಟ್ಟೆ ತುಂಬ್ತದಾ? ಈಗಲೇ ನನ್ನ ತಲೆಗೆ ಒಂದು ಬುಟ್ಟಿ, ಅವಳ ತಲೆಗೆ ಒಂದು ಆಗಬೇಕಿತ್ತು."

"ಅವಳು ಟೀಚರಾಗ್ತಾಳೆ. ನನ್ನ ಹಾಗೆ ತಿಂಗಳ ಸಂಬಳ ಬರ್ತದೆ. ಕೂತು ಮಾಡುವ ಕೆಲಸ" ಎಂದೆ.

ಅವಳು ಮಗಳ ಮುಖ ನೋಡಿದಳು. ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು, ಆದರೆ ಉಸಿರು ಹಿಡಿದದ್ದು ನನಗೆ ಕಾಣುತ್ತಿತ್ತು. "ಆಯ್ತು ಮಾರಾಯ್ತಿ" ಎಂದಳು ಅಮ್ಮ ಕೊನೆಗೆ, ಮಗಳಿಗೋ ನನಗೋ ತಿಳಿಯದ ಹಾಗೆ. "ಆ ಇನ್‌ಸ್ಪೆಕ್ಟರ್ ಬಂದು ಹೋಗುವವರೆಗೆ ಬರ್ತಾಳೆ. ಸಿಕ್ಕಿದ್ರೆ ಹೋಗ್ಲಿ, ನಾನು ಅಡ್ಡ ಬರುದಿಲ್ಲ. ಸಿಗದಿದ್ರೆ ಮರುದಿನದಿಂದ ಬುಟ್ಟಿ. ಮತ್ತೆ ನೀವು ಬಂದು ಹೇಳ್ಲಿಕ್ಕಿಲ್ಲ." ನಾನು ಒಪ್ಪಿದೆ.

ಆ ವರ್ಷದ ಇನ್‌ಸ್ಪೆಕ್ಟರರು ಹೊಸಬರು. ಮೊದಲು ಮಾರ್ಕೆಟಿನ ಹಿಂದಿನ ಶಾಲೆಗೆ, ಎರಡು ದಿನ ಬಿಟ್ಟು ನಮ್ಮಲ್ಲಿಗೆ ಎಂದು ಕಾಗದ ಬಂತು. ಆ ಶಾಲೆಯ ಮೆನೇಜರ್ ಆರು ಮಕ್ಕಳು ಬೇಕೆಂದರು. ಅದರಲ್ಲೂ ಐದನೆಯ ಕ್ಲಾಸಿಗೆ ಉತ್ತರ ಕೊಡುವ ಒಂದು ಮಗು ಬೇಕೇಬೇಕಂತೆ, ಅವರ ಕಡೆ ಒಂದೂ ಇಲ್ಲವಂತೆ.

"ಇವಳನ್ನು ಕಳಿಸುವ ಟೀಚರೇ" ಎಂದರು ಹೆಡ್‌ ಮಾಷ್ಟ್ರು. "ಹೋದ ವರ್ಷ ಅವರು ಕೊಟ್ಟ ಮಕ್ಕಳಿಂದಲೇ ಅಲ್ವಾ ನಮ್ಮ ಶಾಲೆ ಉಳಿದದ್ದು? ಈಗ ಹೊಟ್ಟು ಅಳೆದು ಕೊಟ್ರೆ ಚಂದ ಆಗ್ತದಾ?"

ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಹೇಳಿಬಿಡುತ್ತೇನೆ, ನನಗೆ ಒಳಗೊಳಗೇ ಖುಷಿಯೇ ಆಗಿತ್ತು. ಹುಡುಗಿಗೆ ಒಂದು ಸಲ ಅಭ್ಯಾಸ ಆದಂತಾಯಿತು, ಎರಡು ದಿನ ಬಿಟ್ಟು ನಮ್ಮಲ್ಲಿ ಹೆದರಿಕೆಯಿಲ್ಲದೆ ಉತ್ತರ ಕೊಡುತ್ತಾಳೆ ಎಂದು ನನ್ನ ಲೆಕ್ಕಾಚಾರ. ಇನ್‌ಸ್ಪೆಕ್ಟರರಿಗೆ ಗುರುತು ಸಿಕ್ಕರೆ ಎಂಬ ಯೋಚನೆ ನನಗಾಗಲಿ ಹೆಡ್‌ ಮಾಷ್ಟ್ರಿಗಾಗಲಿ ಬರಲೇ ಇಲ್ಲ. ಅವರ ಅಷ್ಟು ವರ್ಷದ ಸರ್ವಿಸಿನಲ್ಲಿ ಒಬ್ಬ ಇನ್‌ಸ್ಪೆಕ್ಟರೂ ಒಂದು ಮಗುವಿನ ಗುರುತು ಹಿಡಿದದ್ದಿಲ್ಲ. ಆ ದಿನ ಅವಳಿಗೆ ಕೊಟ್ಟದ್ದು ಆ ಶಾಲೆಯ ಇನ್ನೊಬ್ಬ ಮೊಗವೀರ ಹುಡುಗಿಯ ಹೆಸರು. ಆ ಹುಡುಗಿ ಕಾವೂರಿನ ಚಿಕ್ಕಮ್ಮನ ಮನೆಗೆ ಬಾಣಂತಿಗೆ ಸಹಾಯಕ್ಕೆಂದು ಹೋಗಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದ ಹಾಗೆ ಆ ಹೆಸರನ್ನೂ ಅದರ ಜೊತೆಗಿನ ಅಪ್ಪನ ಹೆಸರನ್ನೂ ನಾನು ಇವಳಿಗೆ ಕಲಿಸಿದೆ.

ಆ ಶಾಲೆ ಮೆನೇಜರರ ಮನೆಯ ಜಗಲಿಯಲ್ಲೇ ನಡೆಯುತ್ತಿತ್ತು. ಮಕ್ಕಳನ್ನು ಕರೆದುಕೊಂಡು ಹೋದವಳು ನಾನು ಒಳಗೆ ಅಡಿಗೆ ಕೋಣೆಯ ತಟ್ಟಿಯ ಹಿಂದೆ ನಿಂತು ಎಲ್ಲವನ್ನೂ ಕೇಳಿದೆ, ಸಂದಿಯಿಂದ ನೋಡಿದೆ. ಇನ್‌ಸ್ಪೆಕ್ಟರರು ಘಟ್ಟದ ಮೇಲಿನವರು, ಪೇಟ, ಕನ್ನಡಕ, ಪುಸ್ತಕದ ಕನ್ನಡ. ತಲೆ ಎಣಿಸಿದರು. ಅಷ್ಟಕ್ಕೇ ಏಳುತ್ತಾರೆಂದುಕೊಂಡೆ. ಏಳಲಿಲ್ಲ. ಐದನೆಯ ಕ್ಲಾಸಿನವರನ್ನು ನಿಲ್ಲಿಸಿ ಬಾಯಿಲೆಕ್ಕ ಕೇಳಿದರು. "ಒಂದಾಣೆಗೆ ಎಂಟು ಮಾವಿನಹಣ್ಣಾದರೆ ಹನ್ನೆರಡಾಣೆಗೆ ಎಷ್ಟು?"

ಉಳಿದವರು ಬೆರಳು ಮಡಚುತ್ತಿರುವಾಗಲೇ ನನ್ನ ಹುಡುಗಿ ಕೇಳಿದಳು, "ಕೊಸರು ಬಿಟ್ಟಾ, ಸೇರಿಸಿಯಾ ಸಾರ್?"

"ಅಂದರೆ?"

"ಆಣೆಗೊಂದು ಹೆಚ್ಚು ಹಾಕ್ತಾರಲ್ಲ, ಅದು. ಸೇರಿಸಿದ್ರೆ ನೂರ ಎಂಟು. ಆದ್ರೆ ನೀವು ಊರಿಗೆ ಹೊಸಬರು, ನಿಮಗೆ ಯಾರೂ ಕೊಸರು ಹಾಕ್ಲಿಕ್ಕಿಲ್ಲ. ನಿಮಗೆ ತೊಂಬತ್ತಾರೇ."

ಮೆನೇಜರರ ಮುಖ ಬಿಳಿಚಿಕೊಂಡಿತು. ಇನ್‌ಸ್ಪೆಕ್ಟರರು ಪೇಟ ಅಲುಗುವ ಹಾಗೆ ನಕ್ಕರು. ತಮ್ಮ ಕೈಚೀಲದಿಂದ ಒಂದು ಪತ್ರಿಕೆ ತೆಗೆದು ಓದಿಸಿದರು, ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿಸಿದರು, ಮತ್ತೆ ಲೆಕ್ಕ, ಮತ್ತೆ ಓದು. ಅರ್ಧ ಗಂಟೆಯಾದರೂ ಅವಳನ್ನು ಬಿಡಲಿಲ್ಲ. ಮುಂದೆ ಏನಾಗುತ್ತೀ ಎಂದು ಕೇಳಿದರು. "ಟೀಚರ್" ಎಂದಳು. ಹೆಸರೇನು ಎಂದರು. ಅವಳು ಕಣ್ಣು ಮಿಟುಕಿಸದೆ ನಾನು ಕಲಿಸಿದ ಹೆಸರು ಹೇಳಿದಳು, ಅಪ್ಪನ ಹೆಸರೂ ಸೇರಿಸಿ. ಅವರು ಸಣ್ಣದೊಂದು ಪುಸ್ತಕ ತೆಗೆದು ಬರೆದುಕೊಂಡರು. ನಾನು ತಟ್ಟಿಯ ಹಿಂದೆ ನಿಂತು ಸಂತೋಷದಿಂದ ಅಳುತ್ತಿದ್ದೆ. ದಡ್ಡಿ! ಅವರು ಬರೆದದ್ದು ಯಾರ ಹೆಸರು ಎಂದು ಆಗ ನನಗೆ ಹೊಳೆಯಲೇ ಇಲ್ಲ.

ಓಡಿಕೊಂಡು ಬಂದು ಹೆಡ್‌ ಮಾಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ನಶ್ಯದ ಡಬ್ಬಿ ಮುಚ್ಚಿ, ಮೆಲ್ಲನೆ ಕೇಳಿದರು, "ಅವರು ಮುಖ ನೋಡಿದ್ದಾರಾ ಟೀಚರೇ?"

ಆಗ ನನಗೆ ಹೊಳೆಯಿತು. ಅರ್ಧ ಗಂಟೆ ಎದುರು ನಿಲ್ಲಿಸಿ ಮಾತಾಡಿಸಿದ ಮಗುವನ್ನು ನಾಡಿದ್ದು ನಮ್ಮ ಶಾಲೆಯಲ್ಲಿ ಬೇರೆ ಹೆಸರಿನಲ್ಲಿ ನೋಡಿದರೆ ಅವರು ಬಿಡುತ್ತಾರೆಯೇ? ಎರಡು ಶಾಲೆಗೂ ಬೀಗ. ಹೆಡ್‌ ಮಾಷ್ಟ್ರ ಪೆನ್ಷನ್ ಹೋಯಿತು, ನಮ್ಮೆಲ್ಲರ ಕೆಲಸ ಹೋಯಿತು. "ನಾಡಿದ್ದು ಅವಳು ಬರುದು ಬೇಡ" ಎಂದರು. ನಾನು ಜಗಳ ಮಾಡಿದೆ. ಇದು ಅನ್ಯಾಯ, ಇಡೀ ವರ್ಷ ನಾವು ಕಾದದ್ದು ಇದಕ್ಕೇ, ಸತ್ಯ ಹೇಳಿಬಿಡುವ ಎಂದೆ. ಅವರು ಎದ್ದು ನಿಂತು ನನ್ನಂಥ ಸಣ್ಣ ಪ್ರಾಯದವಳಿಗೆ ಕೈ ಮುಗಿದರು. ಅದನ್ನು ನೋಡಿ ನಾನು ಆಗಲಿ ಎಂದೆ. ಇನ್‌ಸ್ಪೆಕ್ಟರರನ್ನು ಆಮೇಲೆ ಒಬ್ಬಳೇ ಕಂಡು ಹೇಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅವಳಿಗೆ ಬರಬೇಡವೆಂದು ಹೇಳಿ ಕಳಿಸುವ ಧೈರ್ಯವೂ ನನಗೆ ಬರಲಿಲ್ಲ. ಇನ್‌ಸ್ಪೆಕ್ಷನ್ನಿನ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಗೇಟಿನಲ್ಲಿದ್ದಳು. ಒಗೆದ ಲಂಗ, ಎಣ್ಣೆ ಹಾಕಿ ಬಾಚಿದ ತಲೆ. ಅಮ್ಮ ಅಂದು ಒಬ್ಬಳೇ ಬುಟ್ಟಿ ಹೊತ್ತು ಹೋಗಿದ್ದಳಂತೆ. ನನ್ನನ್ನು ಕಂಡ ಕೂಡಲೇ ಹತ್ತಿರ ಬಂದು ಮೆಲ್ಲನೆ ಕೇಳಿದಳು, "ಇವತ್ತು ಎಂತ ಹೆಸರು ಟೀಚರ್?"

"ಇವತ್ತು ಯಾವ ಹೆಸರೂ ಇಲ್ಲ. ನೀನು ಮನೆಗೆ ಹೋಗು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳುವಾಗ ನನ್ನ ದನಿ ಗಟ್ಟಿಯಾಯಿತು, ಅಳು ಬಾರದಿರಲೆಂದು ಗದರಿದೆ. ಅವಳು ಏನೋ ತಪ್ಪು ಮಾಡಿದ್ದೇನೆಂದು ತಿಳಿದು ತಲೆ ತಗ್ಗಿಸಿ ಹೋದಳು. ಅಂದು ನಮ್ಮ ಶಾಲೆಯಲ್ಲಿ ತಲೆಯ ಲೆಕ್ಕ ಸರಿಯಾಗಿತ್ತು, ಭೂಗೋಳದ ಗುಂಡು ಪೆಟ್ಟಿಗೆಯಿಂದ ಹೊರಗೆ ಬಂದಿತ್ತು. ಇನ್‌ಸ್ಪೆಕ್ಟರರು ನಮ್ಮ ಐದನೆಯ ಕ್ಲಾಸಿಗೂ ಪ್ರಶ್ನೆ ಕೇಳಿದರು. ಉತ್ತರ ಬಾರದಿದ್ದಾಗ, ಮಾರ್ಕೆಟಿನ ಹಿಂದಿನ ಶಾಲೆಯನ್ನು ನೋಡಿ ಕಲಿಯಿರಿ, ಅಲ್ಲಿ ಚೆನ್ನಾಗಿ ಪಾಠ ಮಾಡುತ್ತಾರೆ ಎಂದು ನನಗೆ ಬುದ್ಧಿ ಹೇಳಿದರು. ನಾನು "ಆಗಲಿ ಸಾರ್" ಎಂದೆ. ಹೊರಡುವಾಗ ಗಾಡಿಯವರೆಗೆ ಅವರ ಹಿಂದೆ ನಡೆದೆ. ನಿಜ ಹೇಳಬೇಕೆಂದು ಹೋದವಳು ಕೈ ಮುಗಿದು ಹಿಂದೆ ಬಂದೆ.

ಕ್ರಿಸ್ಮಸಿಗೆ ಸ್ವಲ್ಪ ಮೊದಲು ಸ್ಟೈಪೆಂಡಿನ ಆರ್ಡರ್ ಬಂತು, ಕಾವೂರಿಗೆ ಹೋಗಿದ್ದ ಆ ಹುಡುಗಿಯ ಹೆಸರಿಗೆ. ಅವಳು ಪಾಪದ ಮಗು, ಕೂಡಿಸುವ ಲೆಕ್ಕವೂ ಸರಿಯಾಗಿ ಬಾರದು. ಅವಳ ಅಪ್ಪ ಕೇರಿಗೆಲ್ಲ ಬೆಲ್ಲ ಹಂಚಿದ. ನಮ್ಮ ಹುಡುಗಿಯನ್ನೇ ಆ ಹೆಸರಿನಲ್ಲಿ ಬೋರ್ಡಿಂಗಿಗೆ ಕಳಿಸಿದರೆ ಹೇಗೆ ಎಂದು ನಮ್ಮ ಹೆಡ್‌ ಮಾಷ್ಟ್ರು ಕೇಳಿದರು ನೋಡಿ! ಜೀವನವಿಡೀ ಕಡದ ಹೆಸರೇ? ಆ ಅಪ್ಪನಾದರೂ ಯಾಕೆ ಬಿಟ್ಟುಕೊಡುತ್ತಾನೆ? ಅವನ ಮಗಳ ಹೆಸರು ಸರಕಾರದ ಕಾಗದದಲ್ಲಿ ಅಚ್ಚಾಗಿ ಬಂದಿತ್ತು.

ನಾನು ಇನ್‌ಸ್ಪೆಕ್ಟರರಿಗೆ ಕಾಗದ ಬರೆದೆ. ಇದ್ದದ್ದನ್ನು ಇದ್ದ ಹಾಗೆ, ಎರಡು ಪುಟ. ಬರೆದು ಹೆಡ್‌ ಮಾಷ್ಟ್ರಿಗೆ ತೋರಿಸಿದೆ. ಅವರು ಓದಿ, "ಹಾಕಿ ಟೀಚರೇ, ನಿಮ್ಮನ್ನು ತಡೆಯುವ ಮುಖ ನನಗಿಲ್ಲ" ಎಂದರು. ಅಂಚೆಪೆಟ್ಟಿಗೆಯ ಬುಡದವರೆಗೂ ಹೋದೆ. ಮನೆಯಲ್ಲಿ ಅಪ್ಪ ಲಕ್ವ ಹೊಡೆದು ಮಲಗಿದ್ದರು, ಎರಡು ತಂಗಿಯಂದಿರು ಓದುತ್ತಿದ್ದರು, ದುಡಿಯುವವಳು ನಾನೊಬ್ಬಳೇ. ಇದನ್ನು ಕ್ಷಮೆಗಾಗಿ ಹೇಳುತ್ತಿಲ್ಲ. ಎರಡು ಶಾಲೆಯ ಮಕ್ಕಳ ಗತಿ ಏನು ಎಂದು ಯೋಚಿಸಿ ಹಿಂದೆ ಸರಿದೆ ಎಂದು ಬಹಳ ವರ್ಷ ನಾನೇ ನನಗೆ ಹೇಳಿಕೊಂಡಿದ್ದೆ. ಸುಳ್ಳು. ನನ್ನ ಸಂಬಳಕ್ಕಾಗಿ ಹಿಂದೆ ಸರಿದೆ. ಕಾಗದವನ್ನು ಹರಿದು ಚರಂಡಿಗೆ ಹಾಕಿ ಮನೆಗೆ ಹೋದೆ.

ಹುಡುಗಿಯ ಅಮ್ಮನಿಗಾದರೂ ನಿಜ ಹೇಳಬೇಕೆಂದು ಕೇರಿಗೆ ಹೋದೆ. ಎಲ್ಲವನ್ನೂ ಹೇಳಿದೆ. ಅವಳು ಬಯ್ಯುತ್ತಾಳೆ, ಬಯ್ಯಲಿ ಎಂದೇ ಹೋದವಳು. ಅವಳು ಬಯ್ಯಲಿಲ್ಲ.

"ನಮ್ಮ ರಂಪಣಿಯಲ್ಲಿ ಸಹ ಹೀಗಿಲ್ಲ ಬಾಯಮ್ಮ" ಎಂದಳು. "ಹಗ್ಗ ಎಳೆದವನಿಗೇ ಪಾಲು. ಕುಡುಕನಾಗಲಿ, ಜಗಳಗಂಟನಾಗಲಿ, ಎಳೆದಿದ್ದಾನಾ, ಅವನಿಗೆ ಪಾಲು ಉಂಟು. ನಾವು ಓದದವರು, ನಮಗೆ ಅಷ್ಟು ಗೊತ್ತುಂಟು. ನಿಮ್ಮ ಶಾಲೆಯಲ್ಲಿ ಅದನ್ನು ಕಲಿಸುದಿಲ್ವಾ?"

ಹುಡುಗಿ ಅಲ್ಲಿಯೇ ಇದ್ದಳು. "ನೀವು ಹೇಳಿದ ಹಾಗೆಯೇ ಹೇಳಿದ್ದೇನೆ ಟೀಚರ್. ಅಪ್ಪನ ಹೆಸರು ಸಹ ತಪ್ಪಲಿಲ್ಲ" ಎಂದಳು. ಹೌದು ಮಗಳೇ, ಒಂದಕ್ಷರವೂ ತಪ್ಪಲಿಲ್ಲ ಎಂದೆ. ಮಾತಿಗೆ ತಪ್ಪುವ ಜನವಲ್ಲ ಅವರು. ಮರುದಿನದಿಂದ ಅವಳ ತಲೆಯ ಮೇಲೆ ಬುಟ್ಟಿ ಬಂತು. ಅತ್ತಾವರದ ನಮ್ಮ ಓಣಿಗೂ ಮೀನು ತರುತ್ತಿದ್ದಳು. ಕರೆದರೆ ನಿಲ್ಲುತ್ತಿದ್ದಳು, ಲೆಕ್ಕದಲ್ಲಿ ಒಂದು ಕಾಸೂ ತಪ್ಪುತ್ತಿರಲಿಲ್ಲ, ನಮ್ಮ ಅಮ್ಮನಿಗೆ ಯಾವಾಗಲೂ ಕೊಸರು ಹಾಕುತ್ತಿದ್ದಳು. ನಾನು ರಜೆಯ ದಿನಗಳಲ್ಲಿ ಅವಳು ಬರುವ ಹೊತ್ತಿಗೆ ಒಳಗೆ ಸೇರಿಕೊಳ್ಳುತ್ತಿದ್ದೆ.

ಸ್ಟೈಪೆಂಡ್ ಸಿಕ್ಕಿದ ಮಗುವಿನ ಕತೆಯೇನು ಚಂದವಾಗಲಿಲ್ಲ. ಬೋರ್ಡಿಂಗಿನಲ್ಲಿ ಎರಡು ಸಲ ಫೇಲಾಯಿತು, ಮನೆಯ ನೆನಪಾಗಿ ಜ್ವರ ಹಿಡಿಯಿತು, ಮೂರನೆಯ ವರ್ಷ ತಿರುಗಿ ಬಂತು. ಅದರ ತಪ್ಪೇನು? ಅದು ಯಾವ ಪರೀಕ್ಷೆಯನ್ನೂ ಕೊಟ್ಟಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಹಿಡಿದು ಕಳಿಸಿದರು, ಹೋಯಿತು. ಊರಿನ ಹಣ ಮೂರು ವರ್ಷ ಅದರ ಹಿಂದೆ ಹರಿದು ಮಣ್ಣಾಯಿತು.

ಯುದ್ಧದ ಕಾಲದಲ್ಲಿ ಎಲ್ಲ ಕಡೆ ಖರ್ಚಿಗೆ ಕತ್ತರಿ ಬಿತ್ತು. ಕಡಲ ಬದಿಯ ಸ್ಟೈಪೆಂಡ್ ಇಡಬೇಕೋ ತೆಗೆಯಬೇಕೋ ಎಂದು ನೋಡಲು ಒಬ್ಬ ಅಧಿಕಾರಿಯನ್ನು ನೇಮಿಸಿದರು. ಹೆಡ್‌ ಮಾಷ್ಟ್ರು ಆಗಲೇ ತೀರಿಕೊಂಡಿದ್ದರು, ಮೆನೇಜರರ ಶಾಲೆ ಮುಚ್ಚಿತ್ತು, ಅಪ್ಪನೂ ಇರಲಿಲ್ಲ. ನಾನೇ ಹೆಡ್ ಟೀಚರ್. ಆ ಅಧಿಕಾರಿ ನನ್ನನ್ನು ಪುರಸಭೆಯ ಕಚೇರಿಗೆ ಕರೆಸಿ, ಪಟ್ಟಿ ಮುಂದಿಟ್ಟು, ಬಹಳ ಮರ್ಯಾದೆಯಿಂದ ಮಾತಾಡಿದರು. ಈ ಕೇರಿಗಳಿಂದ ಆರಿಸಿದ ಹುಡುಗಿಯರಲ್ಲಿ ಟೀಚರಾಗಿ ಹೊರಬಂದವರು ಇಲ್ಲವೆನ್ನುವಷ್ಟು ಕಡಮೆ, ಇವರಿಗೆ ಓದು ಹತ್ತುವುದಿಲ್ಲವೆಂದೇ ಬರೆಯಬೇಕಾಗಿದೆ, ನಿಮ್ಮ ಅನುಭವ ಏನು ಎಂದರು.

ಇನ್ನು ಹೆದರಲು ನನಗೆ ಏನೂ ಉಳಿದಿರಲಿಲ್ಲ. ಹೇಳಿದೆ. ಕಡ ಕೊಡುವುದನ್ನೂ, ತಟ್ಟಿಯ ಹಿಂದೆ ನಿಂತದ್ದನ್ನೂ, ಹರಿದ ಕಾಗದವನ್ನೂ, ಎಲ್ಲವನ್ನೂ. ಆ ಒಬ್ಬಳು ಹೋಗಿದ್ದರೆ ಇಂದು ನನ್ನ ಕುರ್ಚಿಯಲ್ಲಿ ಅವಳು ಕೂರುತ್ತಿದ್ದಳು, ಅವಳನ್ನು ನೋಡಿ ಇನ್ನೂ ಹತ್ತು ಹುಡುಗಿಯರು ಓದುತ್ತಿದ್ದರು, ನೀವು ಹಾಕಿದ ಹಣದಲ್ಲಿ ದೋಷವಿಲ್ಲ, ಕೇರಿಯವರಲ್ಲಿ ದೋಷವಿಲ್ಲ, ದೋಷ ನಮ್ಮದು ಎಂದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೇಳಿದ ಮೇಲೆ ನಮ್ಮ ಶಾಲೆಯ ದಾಖಲೆ ಪುಸ್ತಕ ತರಿಸಲು ಜವಾನನನ್ನು ಕಳಿಸಿದರು.

ಪುಸ್ತಕ ಬಂತು. ಅವಳ ಹೆಸರು ಎಲ್ಲಿದೆ ಎಂದು ನಾನೇ ತೆಗೆದು ತೋರಿಸಿದೆ. ಅಧಿಕಾರಿಯವರು ಕೊನೆಯ ಕಾಲಮಿನ ಮೇಲೆ ಬೆರಳಿಟ್ಟು ನಿಂತರು. ಶಾಲೆ ಬಿಟ್ಟ ಕಾರಣ ಬರೆಯುವ ಕಾಲಮು ಅದು. ಕಡಲ ಬದಿಯ ಯಾವ ಹುಡುಗಿ ಬಿಟ್ಟರೂ ನಾವು ಅದರಲ್ಲಿ ಒಂದೇ ಮಾತು ಬರೆಯುತ್ತಿದ್ದೆವು. ಬೇರೆ ಕಾರಣ ಬರೆದರೆ ಮೇಲಿನಿಂದ ಪ್ರಶ್ನೆ ಬರುತ್ತಿತ್ತು.

"ಇದು ಯಾರ ಕೈಬರಹ?" ಎಂದು ಕೇಳಿದರು.

"ನನ್ನದೇ" ಎಂದೆ.

ಅವರು ನಿಟ್ಟುಸಿರು ಬಿಟ್ಟು ಪುಸ್ತಕವನ್ನು ಗುಮಾಸ್ತನ ಕಡೆಗೆ ತಳ್ಳಿದರು. ವರದಿಗೆ ದಾಖಲೆಯಲ್ಲಿ ಇದ್ದದ್ದನ್ನು ಮಾತ್ರ ಸೇರಿಸಬಹುದು, ಬಾಯಿಮಾತಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದರು. ಗುಮಾಸ್ತ ಹೊಸ ಹುಡುಗ, ಹಳೆಯ ಶಾಯಿ ಮಾಸಿ ಅವನಿಗೆ ನನ್ನ ಅಕ್ಷರ ಓದಲು ಬರಲಿಲ್ಲ. ಎರಡು ಸಲ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೊನೆಗೆ ನನ್ನ ಕಡೆ ನೋಡಿ, "ಎಂತ ಬರೆದದ್ದು ಟೀಚರ್?" ಎಂದು ಕೇಳಿದ.

ನಾನು ಓದಿ ಹೇಳಿದೆ, "ಓದಿನಲ್ಲಿ ಆಸಕ್ತಿ ಇಲ್ಲ." ಅವನು ಬರೆದುಕೊಂಡ.